ಟಿಎಸ್‌ಡಿ ರ‍್ಯಾಲಿಗೆ ಮೊದಲ ಸಲ: ಡ್ರೈವರ್‌ಗೂ ನ್ಯಾವಿಗೇಟರ್‌ಗೂ

ರ‍್ಯಾಲಿ ಅಂದ ಕೂಡಲೇ ನೆನಪಾಗುವುದು ಕೆಂಪು ಧೂಳು ಎಬ್ಬಿಸಿಕೊಂಡು ಅಡ್ಡಡ್ಡ ಜಾರುವ ಕಾರು. ಅದು ಸ್ಪೆಷಲ್ ಸ್ಟೇಜ್ ರ‍್ಯಾಲಿ. ಅದಕ್ಕೆ ರಸ್ತೆ ಮುಚ್ಚಬೇಕು, ಕಾರಿಗೆ ರೋಲ್ ಕೇಜ್ ಬೇಕು, ಒಳಗೆ ಕೂತವರಿಗೆ ಹೆಲ್ಮೆಟ್ಟೂ ಬೆಂಕಿ ತಾಳುವ ಉಡುಪೂ ಬೇಕು. ಮನೆಯ ಕಾರನ್ನೇ ತೆಗೆದುಕೊಂಡು ಹೋಗಬಹುದಾದದ್ದು ಟಿಎಸ್‌ಡಿ, ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್ ರ‍್ಯಾಲಿ. ರಸ್ತೆ ಎಲ್ಲರಿಗೂ ತೆರೆದೇ ಇರುತ್ತದೆ. ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು, ಹಿಂದೆ ಟಿಪ್ಪರ್, ನಡುವೆ ನೀವು. ಸಂಘಟಕರು ಹೇಳಿದ ದಾರಿಯಲ್ಲಿ, ಹೇಳಿದ ಸರಾಸರಿ ವೇಗದಲ್ಲಿ ಹೋಗಿ, ಎಲ್ಲಿ ನಿಂತಿದ್ದಾರೆಂದು ಗೊತ್ತಿಲ್ಲದ ಮಾರ್ಷಲ್‌ಗಳ ಮುಂದೆ ಸೆಕೆಂಡಿಗೆ ಸರಿಯಾಗಿ ಹಾಜರಾಗಬೇಕು. ತಡವಾದರೆ ದಂಡ, ಬೇಗ ಬಂದರೂ ದಂಡ. ಬೇಗ ಬಂದದ್ದಕ್ಕೆ ದುಪ್ಪಟ್ಟು ದಂಡ ಹಾಕುವ ರ‍್ಯಾಲಿಗಳೇ ಹೆಚ್ಚು. ಕಾಲು ಭಾರ ಇರುವ ಡ್ರೈವರ್ ಇಲ್ಲಿ ಸೋಲುತ್ತಾನೆ.

ಕಾಸರಗೋಡಿನ ಮೂಸಾ ಶರೀಫ್ ರಾಷ್ಟ್ರೀಯ ರ‍್ಯಾಲಿಗಳ ಹೆಸರಾಂತ ನ್ಯಾವಿಗೇಟರ್, ಅಂದರೆ ಡ್ರೈವರ್ ಪಕ್ಕ ಕೂತು ದಾರಿ ಹೇಳುವವರು, ಎಂಬುದು ಕರಾವಳಿಯ ಈ ಕಡೆಯವರಿಗೆ ಗೊತ್ತಿರುವ ವಿಷಯ. ಆದರೆ ಸ್ಪೆಷಲ್ ಸ್ಟೇಜ್‌ಗಳಲ್ಲಿ ಓದುವುದು ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವು ಎಷ್ಟು ಬಿಗಿ, ಎಷ್ಟು ದೂರ ಎಂಬ ಸಂಕೇತಗಳು. ಟಿಎಸ್‌ಡಿಯಲ್ಲಿ ನ್ಯಾವಿಗೇಟರ್ ಮಾಡುವುದು ಲೆಕ್ಕ. ನಾಲ್ಕನೇ ಕ್ಲಾಸಿನ ಗುಣಾಕಾರ, ಭಾಗಾಕಾರ ಸಾಕು. ಅದನ್ನು ಅಲುಗಾಡುವ ಕಾರಿನಲ್ಲಿ, ಮೂರು ಗಂಟೆ ಹೊತ್ತು, ತಪ್ಪಿಲ್ಲದೆ ಮಾಡಬೇಕು ಅಷ್ಟೇ.

ಯಾರು ಎಲ್ಲಿ ಕೂರಬೇಕು

ಹೆಚ್ಚಿನ ಜೋಡಿಗಳು ಇದನ್ನು ಉಲ್ಟಾ ಮಾಡುತ್ತವೆ. ಚೆನ್ನಾಗಿ ಗಾಡಿ ಬಿಡುವವನು ಡ್ರೈವರ್, ಉಳಿದವನು ನ್ಯಾವಿಗೇಟರ್ ಅಂತ ನಿರ್ಧರಿಸುತ್ತವೆ. ಮೊದಲು ನ್ಯಾವಿಗೇಟರ್‌ನನ್ನು ಆರಿಸಿ. ಓಡುವ ಕಾರಿನಲ್ಲಿ ತಲೆ ತಗ್ಗಿಸಿ ಓದಿದರೆ ವಾಂತಿ ಬಾರದವರು, ತಪ್ಪಾದಾಗ ಬೊಬ್ಬೆ ಹಾಕದವರು, ಕ್ಯಾಲ್ಕುಲೇಟರ್ ಒತ್ತುವಾಗ ಬೆರಳು ತಡವರಿಸದವರು ಆ ಸೀಟಿಗೆ. ಡ್ರೈವರ್‌ಗೆ ಬೇಕಾದದ್ದು ಹೇಳಿದ ವೇಗವನ್ನು ಕೂದಲೆಳೆ ಆಚೀಚೆ ಆಗದಂತೆ ಹಿಡಿಯುವ ತಾಳ್ಮೆ. ಗಂಡ-ಹೆಂಡತಿ ಜೋಡಿ ಚೆನ್ನಾಗಿ ನಡೆಯುತ್ತದೆ. ಹಿಂದಿನ ಸೀಟಿನಲ್ಲಿ ಸಲಹೆ ಕೊಡಲು ಮೂರನೆಯವರನ್ನು ಕೂರಿಸಬೇಡಿ.

ಕಾಗದಪತ್ರ

ಡಿಎಲ್, ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ರ‍್ಯಾಲಿ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅಡಿಯಲ್ಲಿ ನಡೆಯುವುದಾದರೆ ಇಬ್ಬರಿಗೂ ಅದರ ಪರವಾನಗಿ ಬೇಕಾಗಬಹುದು. ಇಂಥ ವಿವರವೆಲ್ಲ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಎಂಬ ನಿಯಮಪುಸ್ತಿಕೆಯಲ್ಲಿರುತ್ತದೆ. ಹೆಸರು ಕೊಡುವ ಮೊದಲು ಅದನ್ನು ತರಿಸಿಕೊಂಡು ಐದು ಸಂಗತಿಗಳಿಗೆ ಗೆರೆ ಎಳೆಯಿರಿ: ತಡಕ್ಕೆ ಮತ್ತು ಬೇಗಕ್ಕೆ ಸೆಕೆಂಡಿಗೆ ಎಷ್ಟು ಅಂಕ ದಂಡ, ಒಂದು ಕಂಟ್ರೋಲ್‌ನಲ್ಲಿ (ಮಾರ್ಷಲ್ ನಿಮ್ಮ ಹೊತ್ತು ಬರೆದುಕೊಳ್ಳುವ ಜಾಗ) ದಂಡದ ಮೇಲ್ಮಿತಿ ಎಷ್ಟು, ಕಂಟ್ರೋಲ್ ತಪ್ಪಿಸಿದರೆ ಎಷ್ಟು, ಎಷ್ಟು ನಿಮಿಷ ತಡವಾದರೆ ಅನರ್ಹ, ನಿಮ್ಮ ವರ್ಗದಲ್ಲಿ ಯಾವ ಉಪಕರಣ ಬಳಸಬಹುದು.

ಪೊಲೀಸರ ಮತ್ತು ಜಿಲ್ಲಾಡಳಿತದ ಅನುಮತಿ ಉಂಟೇ ಎಂದು ಸಂಘಟಕರನ್ನು ನೇರವಾಗಿ ಕೇಳಿ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ನಾಲ್ಕು ಗೆಳೆಯರು ಸೇರಿ ಮಣಿಪಾಲದಿಂದ ಆಗುಂಬೆಗೆ ಯಾರು ಮೊದಲು ಎಂದು ನೋಡುವುದು ರ‍್ಯಾಲಿ ಅಲ್ಲ.

ವಿಮೆಯ ವಿಷಯವನ್ನು ಬಹುತೇಕರು ಓದುವುದೇ ಇಲ್ಲ. ನಮ್ಮಲ್ಲಿನ ಸಾಮಾನ್ಯ ಕಾರು ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲುಗಳಿವೆ. ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ವಾಹನದ ತಾಳಿಕೆಯ ಪರೀಕ್ಷೆ) ಅದರಲ್ಲಿ ಹೊರಗೆ. ರ‍್ಯಾಲಿಯ ದಿನಕ್ಕೆಂದು ಐಎಂಟಿ 31 ಎಂಬ ಹೆಚ್ಚುವರಿ ಷರತ್ತು ಸೇರಿಸಿಕೊಳ್ಳಲು ಅವಕಾಶವಿದೆ. ಎರಡು ವಾರ ಮೊದಲೇ ವಿಮಾ ಕಂಪನಿಗೆ ಬರೆದು ಉತ್ತರವನ್ನು ಬರಹದಲ್ಲೇ ಪಡೆಯಿರಿ. ‘ಏನಾಗಲ್ಲ ಸರ್’ ಎಂದ ಏಜೆಂಟರ ಮಾತು ಕ್ಲೇಮ್ ಬಂದಾಗ ಲೆಕ್ಕಕ್ಕೆ ಬರುವುದಿಲ್ಲ.

ಕಾರು

ಸಣ್ಣ ಹ್ಯಾಚ್‌ಬ್ಯಾಕ್ ಸಾಕು. ಕರಾವಳಿಯ ಒಳರಸ್ತೆಗಳಲ್ಲಿ ದೊಡ್ಡ ಎಸ್‌ಯುವಿಗಿಂತ ಅದೇ ಒಳ್ಳೆಯದು. ಬಸ್ಸು ಎದುರಾದಾಗ ಪಾಗಾರಕ್ಕೆ ಒರಗಿ ನಿಲ್ಲಲು ಜಾಗ ಸಿಗುತ್ತದೆ. ಹಿಂದಿನ ವಾರ ಸರ್ವಿಸ್ ಮಾಡಿಸುವುದಾದರೆ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲಂಟ್, ವೈಪರ್ ಬ್ಲೇಡ್ ನೋಡಿಸಿ. ಆದರೆ ಟಯರ್ ಬದಲಿಸುವುದಿದ್ದರೆ ಓಡೋಮೀಟರ್ ಅಳತೆಗೆ ಮೊದಲೇ ಬದಲಿಸಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ಡಿಕ್ಕಿಯಲ್ಲಿ ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ಎಳೆಯುವ ಹಗ್ಗ, ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸಣ್ಣ ಅಗ್ನಿಶಾಮಕ ಇರಲಿ. ಇವುಗಳಲ್ಲಿ ಕೆಲವನ್ನು ಸ್ಕ್ರೂಟಿನಿಯಲ್ಲಿ, ಅಂದರೆ ಹೊರಡುವ ಮೊದಲಿನ ವಾಹನ ತಪಾಸಣೆಯಲ್ಲಿ, ತೆಗೆದು ತೋರಿಸಬೇಕಾಗುತ್ತದೆ. ಎಲ್ಲವನ್ನೂ ಕಟ್ಟಿ ಇಡಿ. ಸಡಿಲ ಬಿಟ್ಟ ಜಾಕ್ ಒಂದು ಹಂಪ್‌ನಲ್ಲಿ ಹಾರಿ ಬೀಳುವ ಸದ್ದು ಡ್ರೈವರ್‌ನ ಗಮನ ಕೆಡಿಸಲು ಸಾಕು. ಇಂಧನ ತುಂಬಿಸಿಯೇ ಹೊರಡಿ. ಹೆಬ್ರಿ ದಾಟಿ ಸೋಮೇಶ್ವರದ ಕಾಡಿಗೆ ಸೇರಿದ ಮೇಲೆ ಪೆಟ್ರೋಲ್ ಬಂಕ್ ಹುಡುಕುತ್ತ ಕೂತರೆ ದಾರಿಯೂ ಹೊತ್ತೂ ಎರಡೂ ಕೈತಪ್ಪುತ್ತವೆ. ಫಾಸ್ಟ್ಯಾಗ್‌ನಲ್ಲಿ ಹಣ ಉಂಟೇ ನೋಡಿ. ಹೆಜಮಾಡಿ, ಸಾಸ್ತಾನ, ತಲಪಾಡಿ, ಬ್ರಹ್ಮರಕೂಟ್ಲು ಟೋಲ್‌ಗಳಲ್ಲಿ ಒಂದು ನಿಮಿಷ ನಿಂತರೆ, ತಡಕ್ಕೆ ಸೆಕೆಂಡಿಗೆ ಒಂದು ಅಂಕದ ಲೆಕ್ಕದಲ್ಲಿ, 60 ಅಂಕ ಹೋಯಿತು.

ನ್ಯಾವಿಗೇಟರ್‌ನ ಚೀಲದಲ್ಲಿ ಗಟ್ಟಿ ರೈಟಿಂಗ್ ಪ್ಯಾಡ್, ಮೂರು ಪೆನ್, ಎರಡು ಬಣ್ಣದ ಹೈಲೈಟರ್, ದೊಡ್ಡ ಗುಂಡಿಗಳ ಸಾದಾ ಕ್ಯಾಲ್ಕುಲೇಟರ್, ಸೆಕೆಂಡ್ ತೋರಿಸುವ ಡಿಜಿಟಲ್ ಗಡಿಯಾರ, ಒಂದು ಸ್ಟಾಪ್‌ವಾಚ್, ಫೋನ್ ಹೋಲ್ಡರ್, ಚಾರ್ಜರ್, ಬೆಳಗಿನ ಜಾವ ಹೊರಡುವುದಾದರೆ ಸಣ್ಣ ಟಾರ್ಚ್. ಕ್ಯಾಲ್ಕುಲೇಟರ್ ಆಗಿ ಫೋನನ್ನೇ ನೆಚ್ಚಬೇಡಿ. ಲೆಕ್ಕದ ನಡುವೆ ಕರೆ ಬಂದರೆ ಪರದೆ ಹೋಗುತ್ತದೆ.

ಓಡೋಮೀಟರ್: ಅರ್ಧ ಸೋಲು ಇಲ್ಲೇ

ಸಂಘಟಕರು ದಾರಿ ಅಳೆದದ್ದು ಅವರ ಕಾರಿನಲ್ಲಿ. ನಿಮ್ಮ ಕಾರಿನ ಅಳತೆ ಅದಕ್ಕೆ ಹೊಂದುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರಿಂದ ಕಾರು ದೂರ ಲೆಕ್ಕ ಹಾಕುತ್ತದೆ. 185/65 ಆರ್15 ಟಯರಿನ ಅರೆವ್ಯಾಸ ಸುಮಾರು 310 ಮಿ.ಮೀ. ಅದು 5 ಮಿ.ಮೀ. ಸವೆದರೆ ಅಳತೆಯಲ್ಲಿ ಶೇ. 1.6ರಷ್ಟು ವ್ಯತ್ಯಾಸ ಬರುತ್ತದೆ. ಗಾಳಿ ಕಡಿಮೆಯಾದರೆ ಇನ್ನಷ್ಟು. ಸ್ಪೀಡೋಮೀಟರ್ ಬೇರೆಯೇ ಕಥೆ: ಇರುವುದಕ್ಕಿಂತ ಕಡಿಮೆ ವೇಗ ತೋರಿಸಬಾರದೆಂದು ಕಂಪನಿಗಳು ಅದನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಮಾಡಿರುತ್ತವೆ. ಮುಳ್ಳು 40ರಲ್ಲಿದ್ದರೆ ಕಾರು 37-38ರಲ್ಲಿ ಇರಬಹುದು. ಆದ್ದರಿಂದ ಮುಳ್ಳನ್ನು ನೋಡಿ ಸರಾಸರಿ ಹಿಡಿಯಲು ಹೋಗಬೇಡಿ. ದೂರ ಮತ್ತು ಗಡಿಯಾರ ಇವೆರಡೇ ನಿಜ.

ಹೊಂದಿಸುವ ಕ್ರಮ ಹೀಗೆ. ಸಂಘಟಕರು ಆರಂಭದ ಜಾಗದಿಂದ ಒಂದು ಓಡೋ ಚೆಕ್ ದಾರಿಯನ್ನು ಹೇಳುತ್ತಾರೆ: ಈ ಕಂಬದಿಂದ ಆ ಮೋರಿಯವರೆಗೆ ಇಷ್ಟು ಕಿ.ಮೀ. ಎಂದು. ಅವರ ಅಳತೆ 12.00, ನಿಮ್ಮ ಕಾರಿನದು 12.30 ಎಂದಿಟ್ಟುಕೊಳ್ಳಿ. 12.30 ÷ 12.00 = 1.025. ಇದು ನಿಮ್ಮ ಗುಣಕ. ರೋಡ್ ಬುಕ್ಕಿನಲ್ಲಿರುವ (ಸಂಘಟಕರು ಕೊಡುವ ದಾರಿಯ ಪುಸ್ತಕ) ಯಾವ ದೂರವನ್ನಾದರೂ 1.025ರಿಂದ ಗುಣಿಸಿದರೆ ನಿಮ್ಮ ಮೀಟರಿನಲ್ಲಿ ಕಾಣಬೇಕಾದ ಅಂಕಿ ಬರುತ್ತದೆ. ಪುಸ್ತಕದ 18.10 ನಿಮ್ಮಲ್ಲಿ 18.55. ಈ 0.45 ಕಿ.ಮೀ. ಕಡೆಗಣಿಸಿದಿರೋ, 40ರ ವೇಗದಲ್ಲಿ 40 ಸೆಕೆಂಡ್ ಹಿಂದೆ ಬಿದ್ದಿರುತ್ತೀರಿ, ಅದೂ ‘ಸರಿಯಾಗಿ ಇದ್ದೇವೆ’ ಎಂದು ನಂಬಿಕೊಂಡೇ.

ಕಾರಿನ ಟ್ರಿಪ್ ಮೀಟರ್ 100 ಮೀಟರಿಗೊಮ್ಮೆ ಮಾತ್ರ ಅಂಕಿ ಬದಲಿಸುತ್ತದೆ. 36ರ ವೇಗದಲ್ಲಿ 100 ಮೀಟರ್ ಅಂದರೆ 10 ಸೆಕೆಂಡ್. ಹಾಗಾಗಿ ಅಂಕಿ ಬದಲಾದ ಕ್ಷಣವನ್ನೇ ಹಿಡಿಯಬೇಕು: 12.3 ಬಿದ್ದಾಗ ಮೋರಿ ಎಷ್ಟು ಮುಂದಿತ್ತು, ಅರ್ಧವೇ, ಕಾಲೇ ಎಂದು ಅಂದಾಜಿಸಿ ಎರಡನೇ ದಶಾಂಶ ಬರೆದುಕೊಳ್ಳಿ. ಅಳೆಯುವಾಗ ರ‍್ಯಾಲಿಯ ದಿನದ ಟಯರ್, ಅದೇ ಗಾಳಿ, ಇಬ್ಬರೂ ಒಳಗೆ ಇರಬೇಕು. ನಾಲ್ಕೈದು ಕಿ.ಮೀ. ಓಡಿ ಟಯರ್ ಬಿಸಿಯಾದ ಮೇಲೆ ಅಳೆದರೆ ಒಳ್ಳೆಯದು.

ಫೋನಿನ ಜಿಪಿಎಸ್ ಟ್ರಿಪ್ ಮೀಟರ್ ಆ್ಯಪ್‌ಗಳು 10 ಮೀಟರಿನವರೆಗೆ ತೋರಿಸುತ್ತವೆ. ಬಯಲಿನಲ್ಲಿ, ಹೆದ್ದಾರಿಯಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಘಾಟಿಯಲ್ಲಿ ಹಾಗಲ್ಲ. ಸಾಮಾನ್ಯ ಫೋನು ಸೆಕೆಂಡಿಗೊಮ್ಮೆ ಜಾಗ ಗುರುತಿಸಿ, ಆ ಬಿಂದುಗಳ ನಡುವೆ ನೇರ ಗೆರೆ ಎಳೆದು ದೂರ ಕೂಡಿಸುತ್ತದೆ. ಹೇರ್‌ಪಿನ್ ತಿರುವಿನ ಮೂಲೆ ಕತ್ತರಿಸಿ ಹೋಗುವುದರಿಂದ ದೂರ ಕಡಿಮೆ ಬರುತ್ತದೆ. ದಟ್ಟ ಮರಗಳ ಅಡಿಯಲ್ಲಿ ಸಿಗ್ನಲ್ಲೇ ಹಾರಾಡುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಿ: ಬಯಲಿನಲ್ಲಿ ಫೋನು, ಘಾಟಿಯಲ್ಲಿ ಕಾರಿನ ಮೀಟರ್. ಎರಡಕ್ಕೂ ಬೇರೆ ಬೇರೆ ಗುಣಕ ಬೇಕು. ಮೊದಲ ರ‍್ಯಾಲಿಗೇ ದುಬಾರಿ ರ‍್ಯಾಲಿ ಮೀಟರ್ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಗುಣಕ ತಪ್ಪಿದ್ದರೆ ಅದೂ ತಪ್ಪನ್ನೇ ಹೆಚ್ಚು ದಶಾಂಶಗಳಲ್ಲಿ ತೋರಿಸುತ್ತದೆ.

ರೋಡ್ ಬುಕ್ ಓದುವುದು

ಪ್ರತಿ ಪುಟದಲ್ಲೂ ಸಾಲು ಸಾಲು ಚೌಕಗಳು. ಎಡಗಡೆ ಆರಂಭದಿಂದ ಒಟ್ಟು ದೂರ, ಅದರ ಪಕ್ಕ ಹಿಂದಿನ ಗುರುತಿನಿಂದ ಇಲ್ಲಿಗಿರುವ ದೂರ, ನಡುವೆ ಟ್ಯೂಲಿಪ್ ಎಂಬ ಸಣ್ಣ ಚಿತ್ರ, ಬಲಗಡೆ ಟಿಪ್ಪಣಿ. ಚಿತ್ರದಲ್ಲಿ ಚುಕ್ಕಿ ಇರುವ ತುದಿ ನೀವು ಬರುವ ಕಡೆ, ಬಾಣದ ತುದಿ ಹೋಗಬೇಕಾದ ಕಡೆ. ಚುಕ್ಕಿ ಯಾವಾಗಲೂ ಕೆಳಗೇ ಇದ್ದರೆ ಓದುವುದು ಸುಲಭ. ಮುಖ್ಯರಸ್ತೆಗೆ ಸಾಮಾನ್ಯವಾಗಿ ದಪ್ಪ ಗೆರೆ, ಮಣ್ಣಿನ ರಸ್ತೆಗೆ ತುಂಡು ಗೆರೆ. ಒಂದು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಎಚ್ಚರ, ಎರಡಿದ್ದರೆ ವೇಗ ಇಳಿಸಿ, ಮೂರಿದ್ದರೆ ನಿಜವಾಗಿಯೂ ಅಪಾಯ. ಪುಸ್ತಕದ ಮೊದಲ ಪುಟದ ಚಿಹ್ನೆಗಳ ಪಟ್ಟಿಯನ್ನು ಬಿಡದೆ ಓದಿ. ಪ್ರತಿ ಸಂಘಟಕರದ್ದೂ ಸ್ವಲ್ಪ ಬೇರೆ. ಏನೂ ಹೇಳದಿದ್ದರೆ ಇದ್ದ ಡಾಮರು ರಸ್ತೆಯಲ್ಲೇ ಮುಂದುವರಿಯಬೇಕು ಎಂಬುದು ಸಾಮಾನ್ಯ ನಿಯಮ.

ಟಿಪ್ಪಣಿಯಲ್ಲಿ ಬರುವ ಗುರುತುಗಳು ಈ ಕಡೆ ಹೀಗಿರುತ್ತವೆ: ಅಶ್ವತ್ಥ ಕಟ್ಟೆ, ಭಜನಾ ಮಂದಿರ, ಬಸ್ ತಂಗುದಾಣ, ದೈವಸ್ಥಾನದ ದ್ವಾರ, ಹಾಲಿನ ಸೊಸೈಟಿ, ಬೀಡಿ ಬ್ರಾಂಚ್, ಕಿಂಡಿ ಅಣೆಕಟ್ಟು. ಒಂದೇ ಊರಿನಲ್ಲಿ ಮೂರು ದ್ವಾರಗಳಿರುವುದೂ ಉಂಟು. ಊರಿನ ಹೆಸರನ್ನೂ ನೆಚ್ಚಬೇಡಿ: ಕೈಕಂಬ ಗುರುಪುರದ ಹತ್ತಿರವೂ ಉಂಟು, ಬಿ.ಸಿ.ರೋಡಿನ ಹತ್ತಿರವೂ ಉಂಟು. ದೂರ ಮತ್ತು ಚಿತ್ರ ಎರಡೂ ತಾಳೆಯಾದರೆ ಮಾತ್ರ ತಿರುಗಿ.

ವೇಗದ ಪಟ್ಟಿಯಿಂದ ಸಮಯಕ್ಕೆ

ರೋಡ್ ಬುಕ್ ಕೈಗೆ ಸಿಗುವುದು ಹೊರಡಲು ಸ್ವಲ್ಪ ಹೊತ್ತು ಇರುವಾಗ. ಆ ಹೊತ್ತಿನಲ್ಲಿ ಚಹಾ ಕುಡಿಯುವ ಕೆಲಸ ಡ್ರೈವರ್‌ನದ್ದು. ನ್ಯಾವಿಗೇಟರ್ ಮೊದಲು ವೇಗ ಬದಲಾಗುವ ಜಾಗಗಳಿಗೆಲ್ಲ ಒಂದು ಬಣ್ಣ, ಎಚ್ಚರಿಕೆಗಳಿಗೆ ಇನ್ನೊಂದು ಬಣ್ಣ ಹಚ್ಚಬೇಕು. ಆಮೇಲೆ ಲೆಕ್ಕ.

ಸೂತ್ರ ಒಂದೇ: ದೂರ × 3600 ÷ ವೇಗ = ಸೆಕೆಂಡ್. ಇನ್ನೂ ಸುಲಭಕ್ಕೆ ಒಂದು ಕಿ.ಮೀ.ಗೆ ಎಷ್ಟು ಸೆಕೆಂಡ್ ಎಂಬ ಪಟ್ಟಿಯನ್ನು ಪ್ಯಾಡಿನ ಮೇಲೆ ಅಂಟಿಸಿಕೊಳ್ಳಿ:

24 ಕಿ.ಮೀ. ವೇಗಕ್ಕೆ 150
30ಕ್ಕೆ 120
32ಕ್ಕೆ 112.5
36ಕ್ಕೆ 100
40ಕ್ಕೆ 90
45ಕ್ಕೆ 80
48ಕ್ಕೆ 75
50ಕ್ಕೆ 72

ಒಂದು ಉದಾಹರಣೆ. ಕಂಟ್ರೋಲ್‌ನಿಂದ ಹೊರಡುವ ಸಮಯ 9:14:00. ವೇಗದ ಪಟ್ಟಿ ಹೀಗಿದೆ:

0.00ರಿಂದ 4.20ರವರೆಗೆ 36. ದೂರ 4.20, ಸಮಯ 420 ಸೆಕೆಂಡ್, ಅಂದರೆ 7:00. ಅಲ್ಲಿರಬೇಕಾದ ಹೊತ್ತು 9:21:00.
4.20ರಿಂದ 9.70ರವರೆಗೆ 40. ದೂರ 5.50, ಸಮಯ 495, ಅಂದರೆ 8:15. ಹೊತ್ತು 9:29:15.
9.70ರಿಂದ 12.10ರವರೆಗೆ 24. ದೂರ 2.40, ಸಮಯ 360, ಅಂದರೆ 6:00. ಹೊತ್ತು 9:35:15.
12.10ರಿಂದ 18.10ರವರೆಗೆ 45. ದೂರ 6.00, ಸಮಯ 480, ಅಂದರೆ 8:00. ಹೊತ್ತು 9:43:15.

ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಒಂದು, ಪಟ್ಟಿಯಲ್ಲಿರುವುದು ಒಟ್ಟು ದೂರ ಎಂಬುದನ್ನು ಮರೆತು 9.70ನ್ನೇ 40ರಿಂದ ಭಾಗಿಸುವುದು. ಎರಡು, 8.25 ನಿಮಿಷವನ್ನು 8 ನಿಮಿಷ 25 ಸೆಕೆಂಡ್ ಎಂದು ಬರೆಯುವುದು. ಅದು 8 ನಿಮಿಷ 15 ಸೆಕೆಂಡ್. ಎಲ್ಲವನ್ನೂ ಸೆಕೆಂಡಿನಲ್ಲೇ ಮಾಡಿ ಕೊನೆಗೆ 60ರಿಂದ ಭಾಗಿಸಿದರೆ ಈ ಎರಡನೇ ತಪ್ಪು ಬರುವುದಿಲ್ಲ.

ಸಮಯ ಉಳಿದರೆ ನಡುವಿನ ಟ್ಯೂಲಿಪ್‌ಗಳಿಗೂ ಹೊತ್ತು ಬರೆದು ಹಾಕಿ. ಎಲ್ಲದಕ್ಕೂ ಆಗದಿದ್ದರೆ ಎರಡು-ಮೂರು ಕಿ.ಮೀ.ಗೊಂದು ಸಾಕು. ಒಂದು ನೆನಪಿಡಿ: ಸಮಯದ ಲೆಕ್ಕವನ್ನು ಪುಸ್ತಕದ ದೂರದಿಂದಲೇ ಮಾಡಬೇಕು, ಗುಣಕದಿಂದ ಗುಣಿಸಿದ ದೂರದಿಂದ ಅಲ್ಲ. ಗುಣಕ ಇರುವುದು ಆ ಜಾಗ ನಿಮ್ಮ ಮೀಟರಿನಲ್ಲಿ ಎಲ್ಲಿ ಬರುತ್ತದೆ ಎಂದು ತಿಳಿಯಲು ಮಾತ್ರ.

ಕಾರಿನೊಳಗಿನ ಮಾತು

ಯಾವ ಭಾಷೆಯಾದರೂ ಆಗಲಿ, ಕನ್ನಡ, ತುಳು, ಕೊಂಕಣಿ, ಬ್ಯಾರಿ. ಆದರೆ ಎಡ-ಬಲಕ್ಕೆ ಒಂದೇ ಭಾಷೆಯ ಪದ ಗಟ್ಟಿ ಮಾಡಿ. ಹೌದು ಎನ್ನಲು ‘ರೈಟ್’ ಎನ್ನಬೇಡಿ. ಬಸ್ ಕಂಡಕ್ಟರ್‌ನ ‘ರೈಟ್ ರೈಟ್’ ಕೇಳಿ ಬೆಳೆದ ಡ್ರೈವರ್ ನೇರ ಹೋಗಿಬಿಡುತ್ತಾನೆ, ಇಲ್ಲವೇ ಬಲಕ್ಕೆ ತಿರುಗುತ್ತಾನೆ.

ನ್ಯಾವಿಗೇಟರ್ ಹೇಳಬೇಕಾದ ಕ್ರಮ: ಇನ್ನೆಷ್ಟು ದೂರ, ಏನು ಗುರುತು, ಯಾವ ಕಡೆ. ‘400 ಮೀಟರ್, ಕಟ್ಟೆ, ಎಡ.’ ಡ್ರೈವರ್ ‘ಎಡ’ ಎಂದು ಮರುನುಡಿಯಬೇಕು. ಹತ್ತಿರ ಬಂದಾಗ ಇನ್ನೊಮ್ಮೆ. ತಿರುಗಿದ ಕೂಡಲೇ ಮುಂದಿನದು. ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಹೇಳಬೇಡಿ. ಎರಡು ತಿರುವು ಹತ್ತಿರ ಹತ್ತಿರ ಇದ್ದಾಗ ಮಾತ್ರ ‘ಎಡ, ಕೂಡಲೇ ಬಲ’ ಎಂದು ಒಟ್ಟಿಗೆ.

ಸಮಯವನ್ನು ಹೇಳುವುದು ಪ್ಲಸ್-ಮೈನಸ್‌ನಲ್ಲಿ: ‘ಆರು ತಡ’, ‘ನಾಲ್ಕು ಬೇಗ’. ಎಷ್ಟು ಬೇಗ ಓಡಿಸು ಎಂದು ಹೇಳಬೇಡಿ. ಅದನ್ನು ರಸ್ತೆ ನೋಡುವವನು ತೀರ್ಮಾನಿಸಲಿ. ಡ್ರೈವರ್‌ಗೆ ಗೊತ್ತಿರಬೇಕಾದ ಒಂದು ಲೆಕ್ಕ ಉಂಟು. 40ರ ಸರಾಸರಿಯಲ್ಲಿ 30 ಸೆಕೆಂಡ್ ತಡವಾಗಿದ್ದರೆ, ನಿಜವಾದ 45ರಲ್ಲಿ ಹೋದಾಗ ಕಿ.ಮೀ.ಗೆ 10 ಸೆಕೆಂಡ್ ಸಿಗುತ್ತದೆ, ಮೂರು ಕಿ.ಮೀ.ಯಲ್ಲಿ ಸರಿಹೋಯಿತು. 70ಕ್ಕೆ ಏರಿಸುವ ಅಗತ್ಯವೇ ಇಲ್ಲ. ಬೇಗ ಬಂದಿದ್ದರೆ ಹಾಗೆಯೇ 36ಕ್ಕೆ ಇಳಿಸಿದರೆ ಕಿ.ಮೀ.ಗೆ 10 ಸೆಕೆಂಡ್ ಕಳೆಯುತ್ತದೆ.

ಒಳರಸ್ತೆಯಲ್ಲಿ ಹಂಪ್‌ಗಳು, ತಿರುವುಗಳು ಒಂದೊಂದೂ ಒಂದೆರಡು ಸೆಕೆಂಡ್ ತಿನ್ನುತ್ತವೆ. 36ರ ಸರಾಸರಿ ಬೇಕಿದ್ದರೆ ನಡುವಿನ ಖಾಲಿ ರಸ್ತೆಯಲ್ಲಿ 39-40 ಇರಬೇಕಾಗುತ್ತದೆ. ಮುಂದೆ ಪೇಟೆ ಬರುವುದೆಂದು ಗೊತ್ತಿದ್ದರೆ ನಾಲ್ಕೈದು ಸೆಕೆಂಡ್ ಬೇಗ ಇರೋಣ ಎನ್ನುವ ಜೋಡಿಗಳೂ ಇವೆ. ನಮ್ಮ ಅಭಿಪ್ರಾಯದಲ್ಲಿ ಹೊಸಬರು ಅದನ್ನು ಮಾಡಬಾರದು. ಪೇಟೆಗೆ ಮೊದಲೇ ಮಾರ್ಷಲ್ ಕೂತಿದ್ದರೆ ದುಪ್ಪಟ್ಟು ದಂಡ. ಎರಡು-ಮೂರು ಸೆಕೆಂಡ್ ತಡದಲ್ಲಿರುವುದೇ ಅಗ್ಗ.

ಕಂಟ್ರೋಲ್‌ನಲ್ಲಿ

ಗಡಿಯಾರವನ್ನು ಸಂಘಟಕರ ಅಧಿಕೃತ ಗಡಿಯಾರಕ್ಕೆ ಸೆಕೆಂಡ್ ಸಹಿತ ಹೊಂದಿಸಿ. ಅದೇ ತಪ್ಪಾಗಿ ಓಡುತ್ತಿದ್ದರೂ ಅಂದಿನ ಮಟ್ಟಿಗೆ ಅದೇ ಸರಿ. ಕಾರುಗಳು ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ ಹೊರಡುತ್ತವೆ, ನಿಮ್ಮ ಸಂಖ್ಯೆಯ ಮೇಲೆ ನಿಮ್ಮ ಹೊತ್ತು.

ಕಂಟ್ರೋಲ್ ಫಲಕ ಕಣ್ಣಿಗೆ ಬಿದ್ದ ಮೇಲೆ ನಿಲ್ಲುವುದನ್ನೂ ತೆವಳುವುದನ್ನೂ ಹೆಚ್ಚಿನ ರ‍್ಯಾಲಿಗಳು ನಿಷೇಧಿಸುತ್ತವೆ. ಹತ್ತು ಸೆಕೆಂಡ್ ಬೇಗ ಇದ್ದೀರಿ ಎಂದು ಅಲ್ಲಿ ಕಾಯಲಾಗದು. ಅದಕ್ಕೇ ಪ್ರತಿ ಕುರುಡು ತಿರುವಿಗೂ ಮೊದಲು ಸೊನ್ನೆಗೆ ಹತ್ತಿರ ಇರಬೇಕು. ಮಾರ್ಷಲ್ ಟೈಮ್ ಕಾರ್ಡಿನಲ್ಲಿ ಬರೆದದ್ದನ್ನು ಅಲ್ಲೇ ಓದಿ ನೋಡಿ: ಗಂಟೆ, ನಿಮಿಷ, ಸೆಕೆಂಡ್, ಮತ್ತೆ ಹೊರಡುವ ಹೊತ್ತು. 7 ಮತ್ತು 1 ಒಂದೇ ಥರ ಕಂಡರೆ ಬಿಡಿಸಿ ಬರೆಸಿ. ನಂತರ ಹೇಳಿದರೆ ನಡೆಯುವುದಿಲ್ಲ. ಕಾರ್ಡ್ ಕೈಗೆ ಬಂದ ಕೂಡಲೇ ಟ್ರಿಪ್ ಸೊನ್ನೆ ಮಾಡಬೇಕೇ ಬೇಡವೇ ಎಂದು ಪುಸ್ತಕ ನೋಡಿ. ಕೆಲವು ಕಂಟ್ರೋಲ್‌ಗಳಲ್ಲಿ ದೂರ ಹಾಗೇ ಮುಂದುವರಿಯುತ್ತದೆ.

ಪ್ಯಾಸೇಜ್ ಕಂಟ್ರೋಲ್ ಎಂಬುದೂ ಇರುತ್ತದೆ. ಅಲ್ಲಿ ಸಮಯಕ್ಕೆ ಅಂಕ ಇಲ್ಲ, ಸರಿಯಾದ ದಾರಿಯಲ್ಲೇ ಬಂದಿರೆಂಬುದಕ್ಕೆ ಒಂದು ಮೊಹರು ಅಷ್ಟೇ.

ದಾರಿ ತಪ್ಪಿದರೆ

ತಪ್ಪುತ್ತದೆ. ತಪ್ಪಿದ್ದು ಎಷ್ಟು ಬೇಗ ಗೊತ್ತಾಯಿತು ಎಂಬುದೇ ಪ್ರಶ್ನೆ. ಮುಂದಿನ ಗುರುತು ಬರಬೇಕಾದ ಜಾಗ ದಾಟಿ 200 ಮೀಟರ್ ಆದರೂ ಬರದಿದ್ದರೆ ತಪ್ಪಿದೆ ಎಂದೇ ತಿಳಿಯಿರಿ. ‘ಇನ್ನು ಸ್ವಲ್ಪ ಹೋಗಿ ನೋಡುವ’ ಎಂಬುದೇ ಎಲ್ಲ ಜೋಡಿಗಳನ್ನೂ ಮುಳುಗಿಸುವ ಮಾತು.

ತಿರುಗಿಸುವ ಮೊದಲು ಮೀಟರ್ ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 7.30ರಲ್ಲಿ ಎಡಕ್ಕೆ ತಿರುಗಬೇಕಿತ್ತು, ನೀವು ನೇರ ಹೋದಿರಿ, 8.10ರಲ್ಲಿ ಗೊತ್ತಾಯಿತು. ಹಿಂದೆ ಬಂದು ಅದೇ ಕವಲಿಗೆ ಸೇರಿದಾಗ ಮೀಟರ್ 8.90 ತೋರಿಸುತ್ತದೆ. ಹೆಚ್ಚುವರಿ 1.60. ಇನ್ನು ಮುಂದೆ ಪ್ರತಿ ಅಂಕಿಯಿಂದ 1.60 ಕಳೆಯಬೇಕು, ಅಥವಾ ಆ್ಯಪ್‌ನಲ್ಲಿ 7.30ಕ್ಕೆ ಹಿಂದಿಟ್ಟುಕೊಳ್ಳಬೇಕು. ಈ ಕಳೆಯುವುದನ್ನು ಗಡಿಬಿಡಿಯಲ್ಲಿ ಮರೆತರೆ ಒಂದು ತಪ್ಪು ಹತ್ತಾಗುತ್ತದೆ. ಪುಸ್ತಕದ ಅದೇ ಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ ‘−1.60’ ಎಂದು ಬರೆಯಿರಿ. ಪುಟ ತಿರುವಿದಾಗ ಮತ್ತೆ ಬರೆಯಿರಿ.

1.60 ಕಿ.ಮೀ.ಗೆ 40ರ ವೇಗದಲ್ಲಿ 144 ಸೆಕೆಂಡ್, ಗಾಡಿ ತಿರುಗಿಸಲು ಅರ್ಧ ನಿಮಿಷ. ಸುಮಾರು ಮೂರು ನಿಮಿಷ ತಡ. ಕಂಟ್ರೋಲ್‌ಗೆ ದಂಡದ ಮೇಲ್ಮಿತಿ ಇದ್ದು, ಅದನ್ನು ಆಗಲೇ ದಾಟಿದ್ದರೆ ಅಟ್ಟಾಡಿಸಿಕೊಂಡು ಹೋಗುವುದರಲ್ಲಿ ಏನೂ ಸಿಗುವುದಿಲ್ಲ. ಆ ಕಂಟ್ರೋಲ್ ಬಿಟ್ಟುಕೊಟ್ಟು, ಮುಂದಿನದರ ಲೆಕ್ಕ ಹೊಸದಾಗಿ ಶುರು ಮಾಡಿ.

ಮುಂದಿನ ಕಾರಿನ ಹಿಂದೆ ಹೋಗಬೇಡಿ. ಅದು ಬೇರೆ ವರ್ಗದ್ದಿರಬಹುದು, ಬೇರೆ ವೇಗದ್ದಿರಬಹುದು, ಅವರೇ ದಾರಿ ತಪ್ಪಿರಬಹುದು. ಊರವರನ್ನು ಕೇಳುವುದೂ ಉಪಯೋಗಕ್ಕೆ ಬಾರದು. ಕಾರ್ಕಳಕ್ಕೆ ದಾರಿ ಕೇಳಿದರೆ ಅವರು ಪಾಪ ಹತ್ತಿರದ ದಾರಿಯನ್ನೇ ತೋರಿಸುತ್ತಾರೆ. ಸಂಘಟಕರು ಬೇಕೆಂದೇ ಸುತ್ತು ಹಾಕಿಸಿರುತ್ತಾರೆ, ಪ್ಯಾಸೇಜ್ ಕಂಟ್ರೋಲ್ ಆ ಸುತ್ತಿನಲ್ಲೇ ಕೂತಿರುತ್ತದೆ.

ನಮ್ಮ ಕಡೆಯ ರಸ್ತೆಗಳ ಸ್ವಭಾವ

ಒಳರಸ್ತೆಗಳಿಗೆ ಈಗ ಕಾಂಕ್ರೀಟ್ ಬಂದಿದೆ. ಅಂಚು ಕೆಲವು ಕಡೆ ಅರ್ಧ ಅಡಿ ಎತ್ತರ. ಎದುರು ವಾಹನಕ್ಕೆ ಜಾಗ ಬಿಡಲು ವೇಗದಲ್ಲಿ ಕೆಳಗಿಳಿದು ಹತ್ತಿದರೆ ಟಯರಿನ ಬದಿ ಸೀಳುತ್ತದೆ. ಅದಕ್ಕೆ ಪಂಕ್ಚರ್ ಹಾಕಲಾಗದು. ನಿಂತು ಜಾಗ ಕೊಡಿ, ಐದು ಸೆಕೆಂಡ್ ಹೋಗಲಿ. ಮಳೆಗಾಲದಲ್ಲಿ ಅಡಕೆ ತೋಟದ ನೆರಳಿನ ಕಾಂಕ್ರೀಟಿಗೆ ಪಾಚಿ ಹಿಡಿದಿರುತ್ತದೆ, ಒದ್ದೆ ಮುರಮಣ್ಣು ಡಾಮರಿನ ಮೇಲೆ ಹರಿದು ಬಂದಿರುತ್ತದೆ. ಎರಡರ ಮೇಲೂ ಬ್ರೇಕ್ ಒತ್ತಿದರೆ ಜಾರುವುದು ಖಚಿತ.

ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ, ಚಾರ್ಮಾಡಿಯಲ್ಲಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಬಿಸಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಹತ್ತುವ ವಾಹನಕ್ಕೆ ಮೊದಲ ದಾರಿ ಎಂಬುದು ರ‍್ಯಾಲಿಯಲ್ಲೂ ನಿಯಮವೇ. ಮಂಜು ಕವಿದರೆ ಡಿಮ್ ಲೈಟು. ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಮಾತ್ರ ಕಾಣುತ್ತದೆ. ಶಿರಾಡಿಯಲ್ಲಿ ಲಾರಿಗಳ ಸಾಲು ಸಿಕ್ಕರೆ ಸರಾಸರಿಯನ್ನು ಮರೆತುಬಿಡಿ.

ಪಂಚಾಂಗ ನೋಡುವುದೂ ಒಂದು ತಯಾರಿ. ನವೆಂಬರಿನಿಂದ ಮಾರ್ಚ್‌ವರೆಗೆ ವಾರಾಂತ್ಯ ಅಂದರೆ ಎಲ್ಲಾದರೂ ಕಂಬಳ, ಎಲ್ಲಾದರೂ ನೇಮ, ರಸ್ತೆ ಬದಿಯಲ್ಲೇ ಯಕ್ಷಗಾನದ ರಂಗಸ್ಥಳ. ಏಪ್ರಿಲ್-ಮೇಯಲ್ಲಿ ಮದುವೆ ಹಾಲ್‌ಗಳ ಎದುರು ಎರಡೂ ಬದಿ ಕಾರು. ಭಾನುವಾರ ಬೆಳಗ್ಗೆ ಶಿರ್ವ, ಕಿನ್ನಿಗೋಳಿಯಂಥ ಕಡೆ ಚರ್ಚ್ ಬಿಡುವ ಹೊತ್ತು. ಸಂಘಟಕರು ಇದನ್ನೆಲ್ಲ ನೋಡಿಯೇ ವೇಗ ಇಟ್ಟಿರುತ್ತಾರೆ; 24 ಎಂದು ಬರೆದಲ್ಲಿ ‘ಇಷ್ಟು ನಿಧಾನವೇ’ ಎಂದು ನಗಬೇಡಿ, ಅಲ್ಲಿ ಶಾಲೆಯೋ ಪೇಟೆಯೋ ಇರುತ್ತದೆ.

ಹೊಟ್ಟೆ

ಕಿವಿಯೊಳಗಿನ ಸಮತೋಲನ ಅಂಗಕ್ಕೆ ತಿರುವು ಗೊತ್ತಾಗುತ್ತದೆ, ಪುಟ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಜಗಳವೇ ವಾಂತಿ. ಪುಸ್ತಕವನ್ನು ತೊಡೆಯ ಮೇಲಿಡದೆ ಎದೆಯ ಎತ್ತರಕ್ಕೆ ಹಿಡಿಯಿರಿ, ಎರಡು ಸಾಲು ಓದಿ ತಲೆ ಎತ್ತಿ ದೂರದ ರಸ್ತೆ ನೋಡಿ. ಬೆಳಗ್ಗೆ ಎರಡು ಇಡ್ಲಿ ಅಥವಾ ನೀರುದೋಸೆ ಸಾಕು. ಬನ್ಸು, ಗೋಳಿಬಜೆ ರ‍್ಯಾಲಿ ಮುಗಿದ ಮೇಲೆ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ವಾಂತಿಯ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ಬರಿಸುತ್ತವೆ. ವೈದ್ಯರನ್ನು ಕೇಳಿ, ಅಭ್ಯಾಸದ ದಿನವೇ ಒಮ್ಮೆ ತೆಗೆದುಕೊಂಡು ನೋಡಿ.

ಅಭ್ಯಾಸ

ಎರಡು ಭಾನುವಾರ ಬೆಳಗ್ಗೆ ಸಾಕು. ಮೊದಲನೆಯದರಲ್ಲಿ ನೀವೇ ರೋಡ್ ಬುಕ್ ಬರೆಯಿರಿ. ಮಂಗಳೂರಿನವರಿಗೆ ಗುರುಪುರ ಕೈಕಂಬದಿಂದ ಬಜ್ಪೆ, ಕಟೀಲು, ಕಿನ್ನಿಗೋಳಿ, ಮುಲ್ಕಿ. ಉಡುಪಿಯವರಿಗೆ ಕಟಪಾಡಿಯಿಂದ ಶಿರ್ವ, ಬೆಳ್ಮಣ್, ನಿಟ್ಟೆ, ಕಾರ್ಕಳ. ನ್ಯಾವಿಗೇಟರ್ ಪ್ರತಿ ಕವಲಿಗೂ ದೂರ, ಚಿತ್ರ, ಗುರುತು ಬರೆಯಲಿ. ಬರೆಯುವಾಗಲೇ ಚುಕ್ಕಿ-ಬಾಣ ತಲೆಗೆ ಹತ್ತುತ್ತದೆ. ಮುಂದಿನ ವಾರ ಅದೇ ಪುಸ್ತಕಕ್ಕೆ ಮೂರ್ನಾಲ್ಕು ವೇಗ ಹಾಕಿ ಓಡಿಸಿ, ಪ್ರತಿ ಗುರುತಿನಲ್ಲಿ ಎಷ್ಟು ಸೆಕೆಂಡ್ ತಡ, ಎಷ್ಟು ಬೇಗ ಎಂದು ಬರೆದಿಡಿ. ತಪ್ಪು ದೂರದ ಜತೆಗೇ ಸಮನಾಗಿ ಬೆಳೆಯುತ್ತ ಹೋದರೆ ಗುಣಕ ತಪ್ಪು. ಒಂದು ಜಾಗದಲ್ಲಿ ಥಟ್ಟನೆ ಹಾರಿದರೆ ಲೆಕ್ಕ ತಪ್ಪು. ಮೇಲೆ ಕೆಳಗೆ ಆಗುತ್ತಿದ್ದರೆ ಡ್ರೈವರ್‌ನ ಕಾಲು ಸ್ಥಿರವಿಲ್ಲ.

ಮುಗಿದ ಮೇಲೆ

ಟೈಮ್ ಕಾರ್ಡ್ ಕೊಡುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ತಾತ್ಕಾಲಿಕ ಫಲಿತಾಂಶ ಹಾಕಿದ ಮೇಲೆ ಆಕ್ಷೇಪಣೆಗೆ ನಿಗದಿಯಾದ ಅವಧಿ ಇರುತ್ತದೆ. ಆ ಹೊತ್ತಿನಲ್ಲಿ ಊಟದ ಸಾಲಿನಲ್ಲಿ ನಿಂತವರೇ ನಂತರ ಗೊಣಗುವುದು. ಒಂದೊಂದು ಕಂಟ್ರೋಲ್‌ನ ನಿಮ್ಮ ಹೊತ್ತನ್ನು ಫೋಟೋದ ಜತೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅವಧಿಯೊಳಗೆ ಬರಹದಲ್ಲಿ ಕೊಡಿ. ಆಕ್ಷೇಪಣೆಗೆ ಶುಲ್ಕ ಎಷ್ಟು, ಯಾವಾಗ ಹಿಂದೆ ಕೊಡುತ್ತಾರೆ ಎಂಬುದೂ ಆ ನಿಯಮಪುಸ್ತಿಕೆಯಲ್ಲೇ ಇರುತ್ತದೆ. ಮನೆಗೆ ಹೊರಡುವ ಮೊದಲು ಅಂದಿನ ಗುಣಕ, ಟಯರಿನ ಗಾಳಿ, ದಾರಿಯ ಯಾವ ಭಾಗದಲ್ಲಿ ಎಷ್ಟು ಅಂಕ ಹೋಯಿತು ಎಂಬುದನ್ನು ರೋಡ್ ಬುಕ್ಕಿನ ಹಿಂಬದಿಯ ರಟ್ಟಿನಲ್ಲಿ ಬರೆದಿಡಿ.